ಕೊನೆಯ ಹತ್ತು ನಿಮಿಷ: ಸಿನಿಮಾದ ಮುಕ್ತಾಯ ನೆನಪಿನಲ್ಲಿ ಉಳಿಯುವುದು ಹೇಗೆ?

ಕನ್ನಡದ ದೊಡ್ಡ ಚಿತ್ರಗಳು ಎರಡು ಭಾಗಗಳಲ್ಲಿ ಬರುವುದು ಈಗ ಸಾಮಾನ್ಯವಾಗಿಬಿಟ್ಟಿದೆ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಇಂಥ ಚಿತ್ರದ ಆಟ ಬಿಟ್ಟಾಗ, ಸ್ಟ್ಯಾಂಡಿನಿಂದ ಬೈಕು ತೆಗೆಯುತ್ತ ಜನರು ಆಡುವ ಮಾತಿಗೆ ಕಿವಿಗೊಟ್ಟರೆ, ಹಾಡು ಹೊಡೆದಾಟಗಳಿಗಿಂತ ಹೆಚ್ಚಾಗಿ ಒಂದು ಪ್ರಶ್ನೆ ಕೇಳಿಬರುತ್ತದೆ: ಕತೆ ಮುಗಿಯಿತೋ ಇಲ್ಲವೋ? ಕೆಲವರಿಗೆ ಮೋಸಹೋದಂತಾಗಿರುತ್ತದೆ, ಅದೇ ಚಿತ್ರವನ್ನು ಅದೇ ಸಾಲಿನಲ್ಲಿ ಕುಳಿತು ನೋಡಿದ ಇನ್ನು ಕೆಲವರಿಗೆ ತೃಪ್ತಿಯಾಗಿರುತ್ತದೆ. ಇದೇ ಊರುಗಳ ಹಿರಿಯರು ಐವತ್ತು ವರ್ಷಗಳ ಹಿಂದೆ ಟೂರಿಂಗ್ ಟಾಕೀಸಿನಲ್ಲಿ ನೋಡಿದ ಚಿತ್ರದ ನಡುವಿನ ಅರ್ಧ ಕತೆಯನ್ನು ಮರೆತಿದ್ದರೂ, ಅದರ ಕೊನೆಯ ದೃಶ್ಯದಲ್ಲಿ ಯಾರು ಎಲ್ಲಿ ನಿಂತಿದ್ದರೆಂಬುದನ್ನು ಈಗಲೂ ಹೇಳಬಲ್ಲರು. ಕೆಲವು ಮುಕ್ತಾಯಗಳು ಹೀಗೆ ಉಳಿಯುವುದೇಕೆ, ಉಳಿದವು ಮನೆ ತಲುಪುವುದರೊಳಗೆ ಅಳಿಸಿಹೋಗುವುದೇಕೆ ಎಂಬುದಕ್ಕೆ ಒಂದಿಷ್ಟು ಕಾರಣಗಳಿವೆ. ಮುಕ್ತಾಯವನ್ನು ಹೇಳದೆ ಮುಕ್ತಾಯವನ್ನು ವಿವರಿಸುವುದು ಸಾಧ್ಯವಿಲ್ಲವಾದ್ದರಿಂದ, ಇಲ್ಲಿ ಹೆಸರಿಸಿರುವ ಚಿತ್ರಗಳನ್ನು ಇನ್ನೂ ನೋಡದವರು ಮೊದಲು ಅವನ್ನು ನೋಡಿಬಂದರೆ ಒಳ್ಳೆಯದು.

ಕ್ಲೈಮ್ಯಾಕ್ಸ್ ಬೇರೆ, ಮುಕ್ತಾಯ ಬೇರೆ

ಆಡುಮಾತಿನಲ್ಲಿ ಚಿತ್ರದ ಕೊನೆಯ ಭಾಗವನ್ನೆಲ್ಲ ನಾವು ಕ್ಲೈಮ್ಯಾಕ್ಸ್ ಎಂದೇ ಕರೆಯುತ್ತೇವೆ. ಆದರೆ ಅಲ್ಲಿ ಎರಡು ಕೆಲಸಗಳು ನಡೆಯುತ್ತವೆ. ಕತೆಯಲ್ಲಿ ಮೊದಲಿನಿಂದ ಬೆಳೆದುಬಂದ ಸಂಘರ್ಷ ತುದಿ ಮುಟ್ಟಿ, ಇನ್ನು ಹಿಂದೆ ಸರಿಯಲಾಗದಂತೆ ಒಂದು ಕಡೆಗೆ ತೀರ್ಮಾನವಾಗುವ ಘಟ್ಟ ಕ್ಲೈಮ್ಯಾಕ್ಸ್. ಆ ತೀರ್ಮಾನಕ್ಕೆ ಪಾತ್ರಗಳು ತೆತ್ತ ಬೆಲೆಯೇನು, ಲೋಕ ಎಷ್ಟು ಬದಲಾಯಿತು ಎಂಬುದನ್ನು ತೆರೆ ಕತ್ತಲಾಗುವವರೆಗೆ ತೋರಿಸುವ ಭಾಗ ಮುಕ್ತಾಯ. ಮೊದಲನೆಯದರಲ್ಲಿ ಏನಾಯಿತು ಎಂಬುದು ತಿಳಿಯುತ್ತದೆ. ಅದನ್ನು ಯಾವ ಭಾವದಲ್ಲಿ ಮನೆಗೆ ಕೊಂಡೊಯ್ಯಬೇಕೆಂಬುದನ್ನು ಎರಡನೆಯದು ನಿರ್ಧರಿಸುತ್ತದೆ.

ಸಿದ್ದಲಿಂಗಯ್ಯನವರ ನಿರ್ದೇಶನದಲ್ಲಿ 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ತೀರ್ಮಾನವಾಗುವುದು ಹೊಡೆದಾಟದಿಂದಲ್ಲ, ಒಂದು ಮಾತಿನಿಂದ. ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಲು ತನ್ನ ಬದುಕನ್ನೇ ಸವೆಸಿದ ರಾಜೀವ, ತಾನು ಬೆಳೆಸಿದ ಹುಡುಗನ ಬಾಯಿಂದಲೇ ಅವಮಾನದ ಮಾತು ಕೇಳುತ್ತಾನೆ. ಕ್ಲೈಮ್ಯಾಕ್ಸ್ ಅಷ್ಟೇ. ಆಮೇಲೆ ಅವನು ವಾದಿಸುವುದಿಲ್ಲ, ಲೆಕ್ಕ ಒಪ್ಪಿಸುವುದಿಲ್ಲ. ಎಲ್ಲವನ್ನೂ ಬಿಟ್ಟು ನಡೆದುಹೋಗುತ್ತಾನೆ. ನಿಜ ತಿಳಿದ ಮೇಲೆ ಅವನು ಮರಳಿ ಬಂದು ಎಲ್ಲರೂ ಕ್ಷಮೆ ಕೇಳುವ ದೃಶ್ಯವೊಂದನ್ನು ಸೇರಿಸಿದ್ದರೆ ಕತೆಯ ಘಟನೆಗಳಿಗೇನೂ ಹೆಚ್ಚಿನ ಧಕ್ಕೆಯಾಗುತ್ತಿರಲಿಲ್ಲ. ಆದರೆ ಪ್ರೇಕ್ಷಕರ ನೆನಪಿನಲ್ಲಿ ಉಳಿದಿರುವ ರಾಜೀವ ಮಾತ್ರ ಉಳಿಯುತ್ತಿರಲಿಲ್ಲ.

ಈ ವಿಂಗಡಣೆ ನಮ್ಮಲ್ಲಿ ಹೊಸದೇನಲ್ಲ. ಭರತನ ನಾಟ್ಯಶಾಸ್ತ್ರವು ರೂಪಕದ, ಎಂದರೆ ನಾಟಕದ, ಕತೆಯನ್ನು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಾಗಿ ವಿಂಗಡಿಸುತ್ತದೆ. ಸಂಧಿಯೆಂದರೆ ಕತೆಯ ಒಂದು ಹಂತ. ಮುಖಸಂಧಿಯಲ್ಲಿ ಬೀಜ ಬೀಳುತ್ತದೆ. ವಿಮರ್ಶಸಂಧಿಯಲ್ಲಿ ಫಲ ಕೈಗೆ ಬಂದೀತೇ ತಪ್ಪೀತೇ ಎಂಬ ತೊಳಲಾಟವಿರುತ್ತದೆ. ಅಲ್ಲಲ್ಲಿ ಚದುರಿದ್ದ ಎಳೆಗಳೆಲ್ಲ ಒಂದೇ ಫಲದ ಕಡೆಗೆ ಕೂಡಿಬರುವುದು ನಿರ್ವಹಣದಲ್ಲಿ. ನಿರ್ವಹಣಸಂಧಿಯಲ್ಲಿ ಅದ್ಭುತರಸವಿರಬೇಕೆಂದೂ ಶಾಸ್ತ್ರ ಹೇಳುತ್ತದೆ. ಎಂದರೆ ಕೊನೆ ಬೀಜದಿಂದಲೇ ಹುಟ್ಟಬೇಕು, ಆದರೂ ನೋಡುವವರನ್ನು ಬೆರಗಾಗಿಸಬೇಕು. ಕೇಳಲು ಇವೆರಡೂ ಒಂದಕ್ಕೊಂದು ವಿರುದ್ಧವೆನಿಸುತ್ತವೆ. ಮುಕ್ತಾಯದ ಕಷ್ಟವೆಲ್ಲ ಇರುವುದು ಇವುಗಳ ನಡುವೆಯೇ.

ಕೊನೆಯದಕ್ಕೆ ನೆನಪಿನಲ್ಲಿ ಹೆಚ್ಚು ಜಾಗವೇಕೆ

ಮನಸ್ಸು ಒಂದು ಅನುಭವವನ್ನು ನಿಮಿಷ ನಿಮಿಷವಾಗಿ ಕೂಡಿಟ್ಟುಕೊಳ್ಳುವುದಿಲ್ಲ ಎಂಬುದನ್ನು ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಅವರ ಜೊತೆಗಾರರು 1993ರಲ್ಲಿ ಪ್ರಕಟಿಸಿದ ಒಂದು ಸರಳ ಪ್ರಯೋಗದಲ್ಲಿ ತೋರಿಸಿದರು. ಭಾಗವಹಿಸಿದವರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡು ಕೈ ಅದ್ದಬೇಕಿತ್ತು. ಇನ್ನೊಮ್ಮೆ ಅದೇ ನೀರಿನಲ್ಲಿ ಅದೇ 60 ಸೆಕೆಂಡು ಕಳೆದ ಮೇಲೆ, ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸುತ್ತ ಮತ್ತೆ 30 ಸೆಕೆಂಡು ಕೈಯನ್ನು ಅಲ್ಲೇ ಇಡಬೇಕಿತ್ತು. ಎರಡನೆಯದರಲ್ಲಿ ಒಟ್ಟು ನೋವು ಹೆಚ್ಚು. ಆದರೂ ಯಾವುದನ್ನು ಮತ್ತೊಮ್ಮೆ ಮಾಡುವಿರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿಕೊಂಡದ್ದು ಎರಡನೆಯದನ್ನೇ. ಕೊನೆಯ ಕ್ಷಣಗಳು ಸ್ವಲ್ಪ ಹಿತವಾಗಿದ್ದವು, ಅಷ್ಟೇ ಕಾರಣ. ಅನುಭವದ ಅತಿ ತೀವ್ರ ಕ್ಷಣ ಮತ್ತು ಅದರ ಕೊನೆ, ಇವೆರಡೇ ಒಟ್ಟು ನೆನಪಿನ ಬಣ್ಣವನ್ನು ಹೆಚ್ಚಾಗಿ ನಿರ್ಧರಿಸುತ್ತವೆ ಎಂಬುದು ಇಂಥ ಪ್ರಯೋಗಗಳಿಂದ ಅವರು ತಲುಪಿದ ತೀರ್ಮಾನ.

ಎರಡೂವರೆ ಗಂಟೆಯ ಚಿತ್ರಕ್ಕೂ ಈ ಮಾತು ಬಹುಮಟ್ಟಿಗೆ ಹೊಂದುತ್ತದೆ. ನಡುವೆ ಎಳೆದಾಡಿದ ಚಿತ್ರ ಕೊನೆಯಲ್ಲಿ ಗೆದ್ದರೆ ಜನ ಎಳೆದಾಟವನ್ನು ಮನ್ನಿಸುತ್ತಾರೆ. ಉದ್ದಕ್ಕೂ ಚೆನ್ನಾಗಿದ್ದು ಕೊನೆಯಲ್ಲಿ ಎಡವಿದರೆ ಹೊರಗೆ ಬಂದವರ ಬಾಯಲ್ಲಿ ಆ ಎಡವಿದ್ದೇ ಉಳಿಯುತ್ತದೆ. ಹಾಗೆಂದು ಕೊನೆ ಸುಖವಾಗಿಯೇ ಇರಬೇಕೆಂದು ಇದರ ಅರ್ಥವಲ್ಲ. ತಣ್ಣೀರಿನಲ್ಲಿ ಕೈಯಿಟ್ಟವರಿಗೆ ಬೇಕಾಗಿದ್ದುದು ನೋವಿನ ಶಮನ ಮಾತ್ರ. ಚಿತ್ರ ನೋಡುವವರು ನೋವಿಗೂ ಒಂದು ಅರ್ಥ ಸಿಗಲಿ ಎಂದು ಕಾಯುತ್ತಿರುತ್ತಾರೆ.

ಕೊನೆ ಹುಟ್ಟುವುದು ಮೊದಲಿನಲ್ಲಿ

ಮುಕ್ತಾಯವೆಂದರೆ ಕೊನೆಯ ಹತ್ತು ನಿಮಿಷದ ಕೆಲಸ ಎಂಬ ಭಾವನೆಯಿದೆ. ಕಾಫಿ ಬೆಳೆಯುವವರಿಗೆ ಇದರ ತಪ್ಪನ್ನು ತಿಳಿಸುವುದು ಸುಲಭ. ಅರೇಬಿಕಾದ ಕೊಯ್ಲು ನಡೆಯುವುದು ನವೆಂಬರ್‌ನಿಂದ ಜನವರಿಯವರೆಗೆ. ಆದರೆ ಫಸಲಿನ ಹಣೆಬರಹ ತೀರ್ಮಾನವಾಗುವುದು ಅದಕ್ಕೆ ಬಹಳ ಮುಂಚೆ, ಬೇಸಗೆಯಲ್ಲಿ ಹೂಮಳೆ ಬಿದ್ದು, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ, ಅದರ ಬೆನ್ನಿಗೆ ಇನ್ನೊಂದು ಮಳೆ ಬಂದು ಕಾಯಿ ಕಟ್ಟುವಾಗ. ಹೂಮಳೆ ತಪ್ಪಿದ ಗಿಡದಲ್ಲಿ ಡಿಸೆಂಬರ್‌ನಲ್ಲಿ ಎಷ್ಟು ಆಳು ಬಿಟ್ಟು ಹುಡುಕಿದರೂ ಹಣ್ಣು ಸಿಗುವುದಿಲ್ಲ. ಚಿತ್ರದ ಮೊದಲರ್ಧದಲ್ಲಿ ಕಟ್ಟದಿರುವ ಭಾವವನ್ನು ಕೊನೆಯಲ್ಲಿ ಸಂಗೀತ ಏರಿಸಿ ಹುಟ್ಟಿಸಲು ಹೋದಾಗ ಆಗುವುದೂ ಹೀಗೆಯೇ.

ದೊರೆ–ಭಗವಾನ್ ನಿರ್ದೇಶನದ ‘ಕಸ್ತೂರಿ ನಿವಾಸ’ (1971) ಇದಕ್ಕೆ ಕನ್ನಡದಲ್ಲಿರುವ ಅತ್ಯುತ್ತಮ ಉದಾಹರಣೆಗಳಲ್ಲಿ ಒಂದು ಎಂದು ನನ್ನ ಎಣಿಕೆ. ಕೊಡುವ ಕೈ ಎಂದೂ ಹಿಂದೆ ಸರಿಯಬಾರದೆಂಬುದು ಆ ಮನೆತನದ ನಡೆ. ನಾಯಕ ರವಿ ಕೊಟ್ಟು ಕೊಟ್ಟು ಬರಿಗೈಯಾಗುವವರೆಗೂ ಚಿತ್ರ ಈ ಒಂದೇ ಸ್ವಭಾವವನ್ನು ಬೇರೆ ಬೇರೆ ಸಂದರ್ಭಗಳಲ್ಲಿ ತೋರಿಸುತ್ತ ಹೋಗುತ್ತದೆ. ಕೊನೆಯಲ್ಲಿ ನೀಲಾ ಎಂಬಾಕೆ ಅವನ ಮನೆಗೆ ಬರುತ್ತಾಳೆ. ಬಂದವಳಿಗೆ ಊಟ ಹಾಕಲು ಅವನ ಬಳಿ ಉಳಿದಿರುವುದು ಸಾಕಿದ ಪಾರಿವಾಳವೊಂದೇ; ಊಟಕ್ಕಾಗಿ ಅದನ್ನೂ ಬಿಟ್ಟುಕೊಟ್ಟುಬಿಡುತ್ತಾನೆ. ಊಟವಾದ ಮೇಲೆ ತಿಳಿಯುತ್ತದೆ, ಆಕೆ ತನ್ನ ಮಗುವಿಗಾಗಿ ಕೇಳಲು ಬಂದದ್ದು ಆ ಪಾರಿವಾಳವನ್ನೇ ಎಂದು. ಜೀವನದಲ್ಲಿ ಮೊದಲ ಬಾರಿಗೆ ಇಲ್ಲವೆನ್ನಬೇಕಾದ ಆ ಕ್ಷಣ ರವಿಯ ಬದುಕಿನ ಕೊನೆಯೂ ಆಗುತ್ತದೆ.

ಈ ಕೊನೆಯನ್ನು ಬೇರೊಬ್ಬ ನಾಯಕನಿಗೆ ತೊಡಿಸಿ ನೋಡಿದರೆ ಅದರ ಶಕ್ತಿ ಎಲ್ಲಿದೆಯೆಂಬುದು ಗೊತ್ತಾಗುತ್ತದೆ. ಸಾಮಾನ್ಯ ಮನುಷ್ಯನೊಬ್ಬ ಪಾರಿವಾಳವಿಲ್ಲವೆಂದು ಹೇಳಿದರೆ ಅದು ದುರಂತವಲ್ಲ, ಸಣ್ಣ ಮುಜುಗರ. ಇಲ್ಲವೆನ್ನುವುದೇ ಸಾವಾಗುವಂಥ ಮನುಷ್ಯನನ್ನು ಚಿತ್ರ ಎರಡು ಗಂಟೆ ಕಾಲ ಕಟ್ಟಿಕೊಂಡು ಬಂದಿದ್ದರಿಂದಲೇ ಆ ಹಕ್ಕಿಗೆ ಅಷ್ಟು ಭಾರ ಬಂತು. ಅವನ ಒಳ್ಳೆಯತನವೇ ಅವನನ್ನು ಕೆಡವಿತು ಎಂಬುದು ಅನಿರೀಕ್ಷಿತ; ಆದರೆ ಒಮ್ಮೆ ನಡೆದ ಮೇಲೆ ಬೇರೆ ರೀತಿಯಲ್ಲಿ ನಡೆಯಬಹುದಿತ್ತು ಎಂದೂ ಅನಿಸುವುದಿಲ್ಲ. ಅದ್ಭುತವೂ ಬೀಜವೂ ಒಂದೆಡೆ ಸೇರುವುದೆಂದರೆ ಇದು. 2014ರಲ್ಲಿ ಬಣ್ಣ ತುಂಬಿ ಮರುಬಿಡುಗಡೆ ಮಾಡಿದಾಗಲೂ ಜನ ಮತ್ತೆ ನೋಡಿದರು. ಕೊನೆ ಗೊತ್ತಿದ್ದ ಕತೆಯನ್ನು ಕೊನೆಗಾಗಿಯೇ ನೋಡುವುದು ಸಾಧ್ಯವೆಂಬುದಕ್ಕೆ ಅದೊಂದು ಸಾಕ್ಷಿ.

ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ (1972) ಇದೇ ವಿಧಾನವನ್ನು ಪುನರಾವರ್ತನೆಯ ಮೂಲಕ ಸಾಧಿಸುತ್ತದೆ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಮಾರ್ಗರೆಟ್ಟಳ ವಿಷಯದಲ್ಲೂ ಮೇಷ್ಟ್ರು ಅದನ್ನೇ ಕೇಳುತ್ತಾರೆ. ಮೊದಲ ಸಲದ ವಿಧೇಯತೆಯ ಪರಿಣಾಮವನ್ನು ನಾವು ನೋಡಿದ್ದರಿಂದ, ಎರಡನೆಯ ಸಲ ಅವನು ಒಪ್ಪಲಾರ ಎಂಬುದೂ, ಒಪ್ಪದಿದ್ದರೆ ಗುರುವನ್ನು ಕಳೆದುಕೊಳ್ಳುತ್ತಾನೆ ಎಂಬುದೂ ಒಟ್ಟಿಗೇ ನಮ್ಮ ಮುಂದೆ ನಿಲ್ಲುತ್ತವೆ. ದುರ್ಗದ ಬೆಟ್ಟದ ಮೇಲೆ ಮೇಷ್ಟ್ರು ಬೀಳುವುದು, ಆಮೇಲೆ ರಾಮಾಚಾರಿ ಮತ್ತು ಮಾರ್ಗರೆಟ್ ಇಬ್ಬರೂ ಇಲ್ಲವಾಗುವುದು, ಎರಡೂ ಆ ಇಕ್ಕಟ್ಟಿನಿಂದಲೇ ಹೊರಟವು. 2022ರ ‘ಕಾಂತಾರ’ದಲ್ಲಿ ಪುನರಾವರ್ತನೆ ಇನ್ನೂ ನೇರವಾಗಿದೆ: ಆರಂಭದಲ್ಲಿ ಕೋಲ ಕಟ್ಟಿದ ತಂದೆ ಕಾಡಿನಲ್ಲಿ ಮಾಯವಾಗುತ್ತಾನೆ, ಕೊನೆಯಲ್ಲಿ ಊರಿನವರ ಮತ್ತು ಅರಣ್ಯಾಧಿಕಾರಿಯ ಕೈಗಳನ್ನು ಕೂಡಿಸಿದ ಮಗನೂ ಅದೇ ರೀತಿ ಮಾಯವಾಗುತ್ತಾನೆ. ಮೊದಲ ಸಲ ಒಗಟಾಗಿ ಕಂಡದ್ದು ಎರಡನೆಯ ಸಲ ಉತ್ತರವಾಗಿ ಕಾಣುತ್ತದೆ.

ನೆರೆ ಬಂದು ಕತೆ ಮುಗಿಸಿದರೆ ಅದು ಮೋಸವೇ?

ಕಟ್ಟಿಕೊಂಡು ಬಂದ ಗಂಟನ್ನು ಹೊರಗಿನಿಂದ ಬಂದ ಯಾವುದೋ ಆಕಸ್ಮಿಕ ಬಿಚ್ಚಿದಾಗ ಪ್ರೇಕ್ಷಕರಿಗೆ ಅಸಮಾಧಾನವಾಗುತ್ತದೆ. ಕಳೆದುಹೋದ ಅಣ್ಣ ಇದ್ದಕ್ಕಿದ್ದಂತೆ ಪೊಲೀಸ್ ಅಧಿಕಾರಿಯಾಗಿ ಬರುವುದು, ಖಳನಿಗೆ ಸಿಡಿಲು ಬಡಿಯುವುದು ಈ ಜಾತಿಯವು. ಆದರೆ ಆಕಸ್ಮಿಕವೆಲ್ಲ ತಪ್ಪಲ್ಲ ಎಂಬುದನ್ನು ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡೂ ಜಿಲ್ಲೆಗಳಿಗೆ ಸಂಬಂಧಿಸಿದ ಒಂದು ಚಿತ್ರವೇ ತೋರಿಸುತ್ತದೆ. ‘ಬೂತಯ್ಯನ ಮಗ ಅಯ್ಯು’ (1974) ಚಿತ್ರದ ಮೂಲಕತೆ ಹಾಸನದ ಪಕ್ಕದ ಗೊರೂರಿನವರಾದ ಗೊರೂರು ರಾಮಸ್ವಾಮಿ ಅಯ್ಯಂಗಾರರದು. ಸಿದ್ದಲಿಂಗಯ್ಯನವರು ಅದನ್ನು ಚಿತ್ರೀಕರಿಸಿದ್ದು ಚಿಕ್ಕಮಗಳೂರಿನ ಬಳಿಯ ಕಳಸಾಪುರದಲ್ಲಿ.

ಅಯ್ಯು ಮತ್ತು ಗುಳ್ಳನ ನಡುವಿನ ಹಗೆ ಅಪ್ಪಂದಿರ ಕಾಲದ್ದು, ಸಾಲ ಜಮೀನು ಕೋರ್ಟು ಕಚೇರಿಗಳಲ್ಲಿ ಬೆಳೆದದ್ದು. ಅದು ಕರಗುವ ಕೊನೆಯ ಭಾಗದಲ್ಲಿ ನೆರೆ ಬರುತ್ತದೆ. ಹೇಮಾವತಿಯ ದಂಡೆಯ ಊರಿನ ಲೇಖಕರ ಕತೆಯಲ್ಲಿ ನೆರೆ ಬರುವುದು ಅಂಥ ವಿಚಿತ್ರವೇನೂ ಅಲ್ಲ. ಮಲೆನಾಡಿನ ಅಂಚಿನಲ್ಲಿ ಬದುಕುವವರಿಗೆ ಅದು ಆಕಸ್ಮಿಕಕ್ಕಿಂತ ಹೆಚ್ಚಾಗಿ ನಿರೀಕ್ಷಿತ ಆಪತ್ತು. ಗಮನಿಸಬೇಕಾದದ್ದು ಬೇರೆಯೇ ಇದೆ. ನೆರೆ ಇಲ್ಲಿ ಯಾರ ಹಗೆಯನ್ನೂ ತಾನಾಗಿ ತೊಳೆಯುವುದಿಲ್ಲ. ಹಗೆ ಸಾಧಿಸುವುದೋ ಜೀವ ಉಳಿಸುವುದೋ ಎಂಬ ಆಯ್ಕೆಯನ್ನು ಮನುಷ್ಯರ ಮುಂದೆ ತಂದಿಟ್ಟು, ಯೋಚಿಸಲು ಸಮಯವನ್ನೂ ಕೊಡದೆ, ಅವರೊಳಗೆ ಅದಾಗಲೇ ಆಗಿದ್ದ ಬದಲಾವಣೆಯನ್ನು ಹೊರಗೆಳೆಯುತ್ತದೆ. ಆಕಸ್ಮಿಕವು ಪಾತ್ರಗಳನ್ನು ಪರೀಕ್ಷೆಗೆ ಒಡ್ಡಿದರೆ ಪ್ರೇಕ್ಷಕರು ಒಪ್ಪುತ್ತಾರೆ. ಪಾತ್ರಗಳ ಬದಲಿಗೆ ತಾನೇ ಉತ್ತರ ಬರೆದರೆ ಒಪ್ಪುವುದಿಲ್ಲ.

ಉತ್ತರ ಕೊಡದ ಮುಕ್ತಾಯಗಳು

ಕೆಲವು ಚಿತ್ರಗಳು ಮುಖ್ಯ ಪ್ರಶ್ನೆಯನ್ನು ಬೇಕೆಂದೇ ತೆರೆದಿಟ್ಟು ಮುಗಿಯುತ್ತವೆ. ಇವುಗಳನ್ನು ಮುಕ್ತ ಅಂತ್ಯಗಳೆನ್ನುತ್ತಾರೆ. ನಿರ್ದೇಶಕರಿಗೆ ಮುಗಿಸಲು ಬಾರದೆ ಬಿಟ್ಟ ಕತೆಗೂ ಮುಕ್ತ ಅಂತ್ಯಕ್ಕೂ ಇರುವ ಅಂತರ ಸೂಕ್ಷ್ಮವಾದದ್ದು, ಆದರೆ ಸ್ಪಷ್ಟವಾದದ್ದು. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಣಗೊಂಡು 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ‘ಸಂಸ್ಕಾರ’ದ ಕತೆಯನ್ನು ಈ ದೃಷ್ಟಿಯಿಂದ ನೋಡಬಹುದು. ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ; ಆಚಾರ ಬಿಟ್ಟವನ ಶವಕ್ಕೆ ಸಂಸ್ಕಾರ ಮಾಡಬೇಕಾದವರು ಯಾರು ಎಂಬುದು ಎಲ್ಲರ ಮುಂದಿರುವ ಪ್ರಶ್ನೆ. ಯು.ಆರ್. ಅನಂತಮೂರ್ತಿಯವರ ಕತೆ ಈ ಪ್ರಶ್ನೆಗೆ ನಡುದಾರಿಯಲ್ಲೇ ಉತ್ತರ ಕೊಟ್ಟುಬಿಡುತ್ತದೆ: ಬ್ರಾಹ್ಮಣರು ಧರ್ಮಸೂಕ್ಷ್ಮ ಹುಡುಕುತ್ತಿರುವಾಗ ನಾರಣಪ್ಪನ ಜೊತೆಗಿದ್ದ ಚಂದ್ರಿ ಸದ್ದಿಲ್ಲದೆ ಶವ ಸುಡಿಸಿಬಿಡುತ್ತಾಳೆ. ಅಲ್ಲಿಂದ ಮುಂದೆ ಉಳಿಯುವುದು, ಚಂದ್ರಿಯೊಡನೆ ಕೂಡಿದ್ದನ್ನು ಜನರ ಮುಂದೆ ಹೇಳಬೇಕೇ ಎಂಬ, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಒಳಗಿನ ಪ್ರಶ್ನೆ ಮಾತ್ರ. ಅವರು ಊರಿಗೆ ಹಿಂತಿರುಗುವ ಹಂತಕ್ಕೆ ಕತೆ ನಿಲ್ಲುತ್ತದೆ. ಜನರ ಮುಂದೆ ಅವರು ಏನು ಹೇಳುತ್ತಾರೆಂಬುದು ನಮಗೆ ಬಿಟ್ಟದ್ದು.

ಇಲ್ಲಿ ಪ್ರೇಕ್ಷಕರಿಗೆ ಬೇಕಾದ ಸಾಮಗ್ರಿಯನ್ನೆಲ್ಲ ಕೊಡಲಾಗಿದೆ. ಆಚಾರ್ಯರು ಹೇಳಿದರೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ, ಎರಡೂ ಗೊತ್ತು. ಗೊತ್ತಿಲ್ಲದ್ದು ಅವರ ನಿರ್ಧಾರವೊಂದೇ, ಮತ್ತು ಅದನ್ನು ಊಹಿಸುವಾಗ ನಮ್ಮದೇ ಧೈರ್ಯ ಅಧೈರ್ಯಗಳು ಬಯಲಾಗುತ್ತವೆ. ಬಿಡಿಸಲು ಬೇಕಾದ ಮಾಹಿತಿಯನ್ನೇ ಬಚ್ಚಿಟ್ಟು ನಿಲ್ಲಿಸಿದ ಕತೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಉಳಿಯುವುದು ಸಿಟ್ಟು. ಅಪೂರ್ಣವಾಗಿ ನಿಂತ ಕೆಲಸಗಳು ಮುಗಿದ ಕೆಲಸಗಳಿಗಿಂತ ಹೆಚ್ಚು ನೆನಪಿರುತ್ತವೆ ಎಂದು ಬ್ಲೂಮಾ ಜೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲಿ ಬರೆದದ್ದನ್ನು ಮುಕ್ತ ಅಂತ್ಯದ ಪರವಾಗಿ ಆಗಾಗ ಉಲ್ಲೇಖಿಸುತ್ತಾರೆ. ನಂತರದ ಪ್ರಯೋಗಗಳಲ್ಲಿ ಈ ಫಲಿತಾಂಶ ಪ್ರತಿಬಾರಿಯೂ ದೊರೆತಿಲ್ಲವಾದ್ದರಿಂದ ಅದನ್ನು ನಿಯಮವೆಂದು ತಿಳಿಯಬೇಕಾಗಿಲ್ಲ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇನ್ನೊಂದು ಬಗೆಯದು. ಅಲ್ಲಿ ಘಟನೆಯ ಮಟ್ಟದಲ್ಲಿ ಏನೂ ತೆರೆದಿಲ್ಲ. ಬಸುರಾದ ವಿಧವೆ ಯಮುನಕ್ಕನನ್ನು ಅವಳು ಬದುಕಿರುವಾಗಲೇ ಸತ್ತವಳೆಂದು ಘೋಷಿಸಲಾಗಿದೆ, ತಲೆ ಬೋಳಿಸಲಾಗಿದೆ. ಅವಳಿಗೆ ಆತುಕೊಂಡಿದ್ದ ಪುಟ್ಟ ಹುಡುಗ ನಾಣಿಯನ್ನು ಅವನ ತಂದೆ ಊರಿಗೆ ಕರೆದೊಯ್ಯುತ್ತಾನೆ. ದಾರಿಯಲ್ಲಿ ಮರದಡಿ ಕುಳಿತ ಅವಳು ಕಾಣುತ್ತಾಳೆ. ಹುಡುಗನಿಗೆ ಏನೂ ಮಾಡಲಾಗುವುದಿಲ್ಲ, ನಡೆದದ್ದು ಪೂರ್ತಿ ಅರ್ಥವೂ ಆಗುವುದಿಲ್ಲ. ಅರ್ಥವಾದವರು ನಾವು; ನಮಗೂ ಏನೂ ಮಾಡಲಾಗುವುದಿಲ್ಲ. ಚಿತ್ರವನ್ನು ಉದ್ದಕ್ಕೂ ಹುಡುಗನ ಕಣ್ಣಿನಿಂದ ತೋರಿಸಿದ್ದು ಯಾಕೆಂಬುದು ಈ ಒಂದು ನೋಟದಲ್ಲಿ ತಿಳಿಯುತ್ತದೆ.

ಕೊನೆಯ ಚಿತ್ರಿಕೆ, ಕೊನೆಯ ಸದ್ದು

ಹಳೆಯ ಚಿತ್ರಗಳಲ್ಲಿ ‘ಶುಭಂ’ ಎಂಬ ಅಕ್ಷರ ಮೂಡುವುದಕ್ಕೆ ಮೊದಲೇ ಅರ್ಧ ಜನ ಎದ್ದು ನಿಂತಿರುತ್ತಿದ್ದರು. ಎರಡನೆಯ ಆಟಕ್ಕೆ ಬಂದ ಹಳ್ಳಿಯವರಿಗೆ ಊರು ಸೇರುವ ಚಿಂತೆ. ಹಾಗೆ ಎದ್ದವರನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವ ಶಕ್ತಿ ಮಾತಿಗಿಂತ ದೃಶ್ಯಕ್ಕೆ ಹೆಚ್ಚು. ಫ್ರಾನ್ಸ್‌ನ ಫ್ರಾಂಸ್ವಾ ತ್ರೂಫೋ ಅವರ ‘ದಿ 400 ಬ್ಲೋಸ್’ (1959) ಚಿತ್ರದಲ್ಲಿ ತಪ್ಪಿಸಿಕೊಂಡು ಓಡಿಬಂದ ಹುಡುಗ ಸಮುದ್ರದ ಅಂಚಿಗೆ ಬಂದು, ಇನ್ನು ಓಡಲು ಜಾಗವಿಲ್ಲದೆ, ತಿರುಗಿ ನಮ್ಮತ್ತ ನೋಡುತ್ತಾನೆ. ಅಷ್ಟರಲ್ಲಿ ಚಿತ್ರಿಕೆ ನಿಶ್ಚಲವಾಗುತ್ತದೆ. ಚಲಿಸುವುದೇ ಸ್ವಭಾವವಾದ ಮಾಧ್ಯಮ ಅಲ್ಲಾಡದೆ ನಿಂತಾಗ, ನೋಡುವವರಿಗೂ ಆ ಮುಖವನ್ನು ಬಿಟ್ಟು ಹೋಗಲಾಗುವುದಿಲ್ಲ. ‘ಮುಂಗಾರು ಮಳೆ’ (2006) ಮಾಡುವುದು ಇದಕ್ಕಿಂತ ಸಣ್ಣ, ಆದರೆ ಅಷ್ಟೇ ಜಾಣ ಕೆಲಸ: ಪ್ರೀತಿಯನ್ನು ಬಿಟ್ಟುಕೊಟ್ಟ ನಾಯಕನ ದುಃಖವನ್ನು ಅವನ ಬಾಯಿಂದ ಹೇಳಿಸಿ ಮುಗಿಸದೆ, ಅವನು ಚಿತ್ರದುದ್ದಕ್ಕೂ ಮಾತನಾಡಿಸುತ್ತಿದ್ದ ದೇವದಾಸನೆಂಬ ಮೊಲದ ಸಾವಿಗೆ ಅದನ್ನು ವರ್ಗಾಯಿಸುತ್ತದೆ. ಕೇಳುವವರೇ ಇಲ್ಲದ ಮೇಲೆ ಮಾತಿಗೆ ಜಾಗವೆಲ್ಲಿ.

ಮುಕ್ತಾಯವನ್ನು ಬದಲಿಸಬಹುದೇ?

ಬದಲಿಸಬಹುದು, ಬದಲಿಸಿಯೂ ಇದ್ದಾರೆ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಹಿಂದಿಯ ‘ಶೋಲೆ’ (1975) ಚಿತ್ರದಲ್ಲಿ ಠಾಕೂರ್ ತನ್ನ ಕಾಲುಗಳಿಂದಲೇ ಗಬ್ಬರ್‌ನನ್ನು ಕೊಲ್ಲುವಂತೆ ಮೊದಲು ಚಿತ್ರಿಸಲಾಗಿತ್ತು. ಸೆನ್ಸಾರ್ ಆಕ್ಷೇಪದಿಂದಾಗಿ ಪೊಲೀಸರು ಬಂದು ತಡೆದು ಅವನನ್ನು ಬಂಧಿಸುವ ಮುಕ್ತಾಯದೊಂದಿಗೆ ಚಿತ್ರ ಬಿಡುಗಡೆಯಾಯಿತು. ದಶಕಗಳ ಕಾಲ ಜನ ನೋಡಿ ಮೆಚ್ಚಿದ್ದು ಈ ಎರಡನೆಯದನ್ನೇ. ಹಾಗಿದ್ದರೂ ಆ ಚಿತ್ರದ ಬಗ್ಗೆ ಮಾತನಾಡುವವರು ಕೊನೆಯನ್ನು ಹೆಚ್ಚಾಗಿ ನೆನೆಯುವುದಿಲ್ಲ. ಅವರ ನೆನಪೆಲ್ಲ ಜೈ ಸಾಯುವ ದೃಶ್ಯ ಮತ್ತು ಅವನ ನಾಣ್ಯದಲ್ಲಿ ನಿಂತಿರುತ್ತದೆ. ನಾಣ್ಯದ ಎರಡೂ ಮುಖ ಒಂದೇ ಎಂಬ ಗುಟ್ಟು ಮೊದಲಿನಿಂದ ಕಟ್ಟಿಕೊಂಡು ಬಂದದ್ದು, ಪೊಲೀಸರ ಆಗಮನ ಹಾಗಲ್ಲ.

‘ಮುಂದಿನ ಭಾಗದಲ್ಲಿ’ ಎಂದು ಮುಗಿಯುವ ಚಿತ್ರಗಳು

ಎರಡು ಭಾಗಗಳ ಚಿತ್ರಗಳಿಗೂ ಇದೇ ಅಳತೆಗೋಲು ಸಾಕಾಗುತ್ತದೆ. ಕತೆಯೊಂದರಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳಿರುತ್ತವೆ: ನಾಯಕ ಈಗ ಕೈಗೆತ್ತಿಕೊಂಡ ಕೆಲಸ ಆಗುತ್ತದೆಯೇ ಎಂಬ ಹತ್ತಿರದ ಪ್ರಶ್ನೆ, ಮತ್ತು ಅದರಿಂದ ಅವನ ಬದುಕು ಎತ್ತ ಹೋಗುತ್ತದೆ ಎಂಬ ದೂರದ ಪ್ರಶ್ನೆ. ‘ಕೆಜಿಎಫ್’ನ ಮೊದಲ ಭಾಗ (2018) ರಾಕಿಯನ್ನು ಗರುಡನನ್ನು ಮುಗಿಸಲೆಂದು ಗಣಿಯೊಳಗೆ ಕಳುಹಿಸುತ್ತದೆ, ಗರುಡನ ಸಾವಿನೊಂದಿಗೇ ನಿಲ್ಲುತ್ತದೆ. ಗಣಿ ಮುಂದೆ ಯಾರದಾಗುತ್ತದೆ ಎಂಬುದನ್ನು ತಿಳಿಯಲು 2022ರವರೆಗೆ ಕಾಯಬೇಕಾಯಿತು. ಆದರೂ ಮೋಸಹೋದೆವೆಂದು ಹೆಚ್ಚಿನವರಿಗೆ ಅನಿಸಲಿಲ್ಲ, ಏಕೆಂದರೆ ಹತ್ತಿರದ ಪ್ರಶ್ನೆಗೆ ಉತ್ತರ ಪೂರ್ತಿ ಸಿಕ್ಕಿತ್ತು. 2023ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ಬಂದ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಎರಡು ಭಾಗಗಳಲ್ಲಿ ಮೊದಲನೆಯದು ಮನು ಇನ್ನೂ ಜೈಲಿನಲ್ಲಿರುವಾಗಲೇ ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ಮನು ಮತ್ತು ಪ್ರಿಯಾ ಸೇರಿ ಕಟ್ಟಿಕೊಂಡಿದ್ದ ಕನಸು ಮುರಿದಾಗಿದೆ, ಅವರಿಬ್ಬರ ಮಟ್ಟಿಗೆ ಅದೊಂದು ಪೂರ್ಣವಾದ ದುಃಖಾಂತ. ಇದಕ್ಕೆ ಬದಲಾಗಿ, ಹೊಡೆದಾಟದ ನಡುವೆಯೋ ಖಳನ ಮುಖ ತೋರಿಸುವುದಕ್ಕೆ ಅರ್ಧ ಕ್ಷಣ ಮೊದಲೋ ಚಿತ್ರ ನಿಂತರೆ, ಹತ್ತಿರದ ಪ್ರಶ್ನೆಯನ್ನೇ ಮುಂದಿನ ಟಿಕೆಟಿನವರೆಗೆ ತಡೆಹಿಡಿದಂತಾಗುತ್ತದೆ. ಚಿತ್ರಮಂದಿರದ ಹೊರಗಿನ ವಾದ ಹೆಚ್ಚಾಗಿ ಇಂಥ ಚಿತ್ರಗಳದ್ದೇ. ಇಂಟರ್‌ವಲ್‌ನಲ್ಲಿ ಹೊರಗೆ ಬಂದಾಗ ನಾವು ಯಾವ ಉತ್ತರಕ್ಕಾಗಿ ಕಾಯುತ್ತಿದ್ದೆವು ಎಂಬುದನ್ನು ನೆನಪಿಸಿಕೊಂಡು, ಆಟ ಬಿಡುವ ಹೊತ್ತಿಗೆ ಅದು ಸಿಕ್ಕಿತೇ ಎಂದು ಕೇಳಿಕೊಂಡರೆ ಆ ವಾದದಲ್ಲಿ ಯಾವ ಕಡೆ ನಿಲ್ಲಬೇಕೆಂಬುದು ತಿಳಿಯುತ್ತದೆ.